ಒಡಹುಟ್ಟಿದವರಲ್ಲಿ ಒಬ್ಬರ ಡಿಎನ್‌ಎ ಸಾಲದು

ಮಾನ್ಯ ಸಂಪಾದಕರೇ,

ವಂಶದ ಹುಡುಕಾಟಕ್ಕೆ ಡಿಎನ್‌ಎ ಪರೀಕ್ಷೆ ಮಾಡಿಸುವ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹವನ್ನು ಎರಡು ಸಲ ಓದಿದೆ. ಚೆನ್ನಾಗಿದೆ, ತಿಳಿಯಾಗಿದೆ. ಆದರೆ ನಡುವೆ ಒಂದು ಮಾತು ಬಂದಿದೆ: ಒಡಹುಟ್ಟಿದವರ ಡಿಎನ್‌ಎ ಒಂದೇ ಆಗಿರುವುದರಿಂದ ಮನೆಯಲ್ಲಿ ಒಬ್ಬರು ಮಾಡಿಸಿದರೆ ಸಾಕು ಎಂದು. ಇದು ತಪ್ಪು. ಅವಳಿ ಮಕ್ಕಳಲ್ಲಿ ಒಂದೇ ಅಂಡದಿಂದ ಹುಟ್ಟಿದವರನ್ನು ಬಿಟ್ಟರೆ ಯಾವ ಅಣ್ಣ ತಂಗಿಯರ ಡಿಎನ್‌ಎಯೂ ಒಂದೇ ಇರುವುದಿಲ್ಲ. ನಾನು ಇದೇ ಮಾತನ್ನು ನಂಬಿ ಮೂರು ವರ್ಷ ಸುಮ್ಮನೆ ಕೂತವಳು. ತಪ್ಪು ತಿಳಿದು ಪರೀಕ್ಷೆ ಮಾಡಿಸುವ ಮೊದಲೇ ನಮ್ಮ ಅಕ್ಕ ತೀರಿಕೊಂಡಳು. ಹಾಗಾಗಿ ಪತ್ರ ಉದ್ದವಾದರೂ ದಯವಿಟ್ಟು ಪೂರ್ತಿ ಪ್ರಕಟಿಸಬೇಕೆಂದು ಕೇಳಿಕೊಳ್ಳುತ್ತೇನೆ.

ನಾನು 31 ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು. ನಾವು ನಾಲ್ವರು ಮಕ್ಕಳು: ಅಕ್ಕ, ಅಣ್ಣ, ನಾನು, ತಂಗಿ. ನಮ್ಮ ಅಪ್ಪ ಹುಟ್ಟಿ ಕೆಲವೇ ದಿನಕ್ಕೆ ಅವರನ್ನು ಹೆತ್ತ ತಾಯಿ ಹೋಗಿಬಿಟ್ಟರು. ತಾತ ಮತ್ತೆ ಮದುವೆಯಾದರು. ಬಂದ ತಾಯಿ ಅಪ್ಪನನ್ನು ಚೆನ್ನಾಗಿಯೇ ಸಾಕಿದರು, ಆದರೆ ಹೋದ ತಾಯಿಯ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ. ಹೆಸರೇನು, ಯಾರ ಮಗಳು, ಒಡಹುಟ್ಟಿದವರು ಇದ್ದರೇ, ಯಾವುದೂ ಅಪ್ಪನಿಗೆ ಗೊತ್ತಿರಲಿಲ್ಲ. ಯಾವುದಾದರೂ ಅರ್ಜಿ ತುಂಬುವಾಗ ‘ತಾಯಿಯ ಹೆಸರು’ ಎಂಬ ಸಾಲಿಗೆ ಬಂದರೆ ಅವರ ಪೆನ್ನು ಒಂದು ಗಳಿಗೆ ಕಾಗದದಿಂದ ಮೇಲೇಳುತ್ತಿತ್ತು. ಆಮೇಲೆ ಸಾಕಿದ ತಾಯಿಯ ಹೆಸರನ್ನೇ ಬರೆಯುತ್ತಿದ್ದರು. ಚಿಕ್ಕಂದಿನಲ್ಲಿ ನಾನು ಪಕ್ಕದಲ್ಲಿ ನಿಂತು ಅದನ್ನು ಎಷ್ಟೋ ಸಲ ನೋಡಿದ್ದೇನೆ. ಆ ಅಜ್ಜಿ ಯಾರೆಂದು ತಿಳಿಯಬೇಕೆಂಬ ಆಸೆ ನನಗೆ ಹುಟ್ಟಿದ್ದು ಅಲ್ಲಿಂದ.

2019ರಲ್ಲಿ ನಾನು ಎಂಜಲಿನ ಮಾದರಿ ಕೊಟ್ಟು ಪರೀಕ್ಷೆ ಮಾಡಿಸಿದೆ. ಪರೀಕ್ಷೆ ಮಾಡಿಸಿದ ಬೇರೆಯವರಲ್ಲಿ ನನ್ನೊಡನೆ ಡಿಎನ್‌ಎ ಹೊಂದಿದವರನ್ನು ನಂಟರೆಂದು ಕೊಟ್ಟ ಪಟ್ಟಿಯಲ್ಲಿ ತಾಯಿಯ ಕಡೆಯವರು, ತಾತನ ಕಡೆಯವರು ಒಂದಿಷ್ಟು ಸಿಕ್ಕರು. ಅಜ್ಜಿಯ ಕಡೆಯವರೆಂದು ಹೇಳಬಹುದಾದ ಒಬ್ಬರೂ ಇರಲಿಲ್ಲ. ಆಗ ಮಗನೂ ಮಾಡಿಸಿದ. ಅದೂ ಸುಮ್ಮನೆ. ಅಪ್ಪನ ಡಿಎನ್‌ಎಯಲ್ಲಿ ನನಗೆ ಬಂದ ಪಾಲಿನಲ್ಲೇ ಒಂದಿಷ್ಟು ಅವನಿಗೆ ಹೋಗಿರುತ್ತದೆಯೇ ಹೊರತು ನನ್ನಲ್ಲಿ ಇಲ್ಲದ್ದು ಅವನಲ್ಲಿ ಎಲ್ಲಿಂದ ಬರಬೇಕು? ಗಣಿತ ಹೇಳಿಕೊಟ್ಟವಳಿಗೆ ಇಷ್ಟು ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ತರಗತಿಯಲ್ಲಿ ಸಂಭವನೀಯತೆ ಹೇಳಿಕೊಡುವಾಗ ನಾಣ್ಯ ಚಿಮ್ಮಿಸುತ್ತೇವಲ್ಲ, ಇದು ಅದೇ ಲೆಕ್ಕ. ಡಿಎನ್‌ಎ ಇರುವ ಎಳೆಗಳಿಗೆ ಕ್ರೋಮೋಸೋಮ್ ಎನ್ನುತ್ತಾರೆ; ಎಕ್ಸ್, ವೈ ಎಂಬವನ್ನು ಬಿಟ್ಟರೆ ಅಪ್ಪನ ಹತ್ತಿರ ಪ್ರತಿ ಕ್ರೋಮೋಸೋಮಿನ ಎರಡು ಪ್ರತಿಗಳಿರುತ್ತವೆ, ಒಂದು ಅವರ ತಂದೆಯಿಂದ ಬಂದದ್ದು, ಒಂದು ತಾಯಿಯಿಂದ. ಮಗುವಿಗೆ ಕೊಡುವಾಗ ಎರಡನ್ನೂ ಅಲ್ಲಲ್ಲಿ ಕತ್ತರಿಸಿ, ಜೋಡಿಸಿ, ಒಂದೇ ಪ್ರತಿ ಕೊಡುತ್ತಾರೆ. ಅಂದರೆ ಪ್ರತಿಯೊಂದು ಜಾಗದಲ್ಲೂ ಮಗುವಿಗೆ ಎರಡರಲ್ಲಿ ಒಂದು, ಇನ್ನೊಂದು ಬಿಟ್ಟುಹೋಗುತ್ತದೆ. ಒಬ್ಬ ಮಗುವಿನಲ್ಲಿ ಅಪ್ಪನ ಡಿಎನ್‌ಎಯ ಅರ್ಧ ಸಿಗುತ್ತದೆ. ಎರಡನೇ ಮಗುವಿಗೂ ಬೇರೆ ನಾಣ್ಯ ಚಿಮ್ಮಿದ ಹಾಗೆ, ಆದ್ದರಿಂದ ಇಬ್ಬರನ್ನೂ ಸೇರಿಸಿದರೆ ಸರಾಸರಿ ಶೇ 75. ಮೂವರಾದರೆ 87.5. ನಾಲ್ವರಾದರೆ 93.75. ತಂದೆ ತಾಯಿ ಇಬ್ಬರೂ ಇಲ್ಲದ ಮನೆಯಲ್ಲಿ ಅವರ ಡಿಎನ್‌ಎ ಉಳಿದಿರುವುದು ಹೀಗೆ ಮಕ್ಕಳಲ್ಲಿ ಚೂರು ಚೂರಾಗಿ ಮಾತ್ರ.

ದೂರದ ನಂಟರ ವಿಷಯಕ್ಕೆ ಬಂದರೆ ಇದು ಇನ್ನೂ ಮುಖ್ಯ. ಅಜ್ಜಿಯ ಅಜ್ಜ ಅಜ್ಜಿಯ ಮಟ್ಟದಲ್ಲಿ ಕೂಡುವ ಸಂಬಂಧಿಗಳನ್ನು ಮೂರನೇ ಸುತ್ತಿನ ಸೋದರ ಸಂಬಂಧಿಗಳು ಎನ್ನೋಣ. ಅಂಥ ಹತ್ತು ಜೋಡಿಗಳಲ್ಲಿ ಸುಮಾರು ಒಂದು ಜೋಡಿಗೆ ಪರೀಕ್ಷೆಯಲ್ಲಿ ಕಾಣುವಷ್ಟು ಹೋಲಿಕೆಯೇ ಇರುವುದಿಲ್ಲ. ಇನ್ನೊಂದು ಸುತ್ತು ದೂರ ಹೋದರೆ ಹೆಚ್ಚುಕಡಿಮೆ ಅರ್ಧಕ್ಕರ್ಧ ಜೋಡಿಗಳಿಗೆ ಇರುವುದಿಲ್ಲ. ರಕ್ತಸಂಬಂಧ ಇದ್ದೇ ಇರುತ್ತದೆ, ಪಟ್ಟಿಯಲ್ಲಿ ಮಾತ್ರ ಹೆಸರು ಬರುವುದಿಲ್ಲ. ನಿಮಗೆ ಕಾಣದವರು ನಿಮ್ಮ ತಂಗಿಗೆ ಕಾಣಬಹುದು.

ಇದು ನನ್ನ ತಲೆಗೆ ಹೋಗಿದ್ದು 2022ರಲ್ಲಿ. ಮೊದಲು ಅಕ್ಕನದು ಮಾಡಿಸೋಣ ಎಂದುಕೊಂಡೆ. ಅವಳೇ ಹಿರಿಯಳು, ಅಪ್ಪನ ಜೊತೆ ಹೆಚ್ಚು ಕಾಲ ಇದ್ದವಳೂ ಅವಳೇ. ಫೋನಿನಲ್ಲಿ ಹೇಳಿದಾಗ, ‘ಕಳಿಸು, ಉಗುಳಿ ಕೊಡುತ್ತೇನೆ, ಅದರಲ್ಲೇನು ಕಷ್ಟ’ ಎಂದಳು. ಕಿಟ್ ನನ್ನ ಕೈಗೆ ಬರುವ ಹೊತ್ತಿಗೆ ಅವಳು ಆಸ್ಪತ್ರೆಯಲ್ಲಿದ್ದಳು. ಅಲ್ಲಿ ಆ ಮಾತು ಎತ್ತಲು ನನಗೆ ಬಾಯಿ ಬರಲಿಲ್ಲ. ಅಕ್ಕನಿಗೆ ಮಕ್ಕಳಿರಲಿಲ್ಲ. ಉಳಿದ ಮೂವರಲ್ಲಿ ಇಲ್ಲದೆ ಅವಳೊಬ್ಬಳಲ್ಲೇ ಇದ್ದ ಅಪ್ಪನ ಪಾಲು, ಸರಾಸರಿ ಲೆಕ್ಕದಲ್ಲಿ ಶೇ 6.25, ಅವಳೊಂದಿಗೇ ಹೋಯಿತು. ಆ ಕಿಟ್ಟಿನ ಪೆಟ್ಟಿಗೆ ಇನ್ನೂ ಸೀಲ್ ಒಡೆಯದೆ ನನ್ನ ಬೀರುವಿನಲ್ಲಿದೆ.

ಇನ್ನು ಅಣ್ಣನ ವಿಷಯ. ಇದನ್ನು ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಪತ್ರವನ್ನು ಅವನಿಗೆ ಓದಿಯೂ ಹೇಳಿದ್ದೇನೆ.

ಅಕ್ಕನನ್ನು ಕಳೆದುಕೊಂಡ ಆತುರದಲ್ಲಿ ನಾನು ಅಣ್ಣನಿಗೆ ಒಂದು ಮಾತೂ ಕೇಳದೆ ಕಿಟ್ ಕಳಿಸಿಬಿಟ್ಟೆ. ಅವನು ಎರಡು ತಿಂಗಳು ಸುಮ್ಮನಿದ್ದ. ಫೋನ್ ಮಾಡಿದರೆ ಬೇರೆ ಮಾತಾಡುತ್ತಿದ್ದ. ಕೊನೆಗೆ ನಾನೇ ಹೋಗಿ ಎದುರಿಗೆ ಕೂತಾಗ ಒಳಗೆ ಎದ್ದು ಹೋಗಿ ಮಡಚಿದ ಒಂದು ಕಾಗದ ತಂದು ನನ್ನ ಮುಂದಿಟ್ಟ. ಮಡಿಕೆಗಳಲ್ಲಿ ಹರಿದುಹೋಗುವಷ್ಟು ಸಲ ತೆಗೆದು ಮಡಚಿದ ಕಾಗದ. ಹತ್ತು ವರ್ಷದ ಹಿಂದೆ ಅವನೂ ಅಕ್ಕನೂ ಯಾರಿಗೂ ಹೇಳದೆ ಒಂದು ಪ್ರಯೋಗಾಲಯದಲ್ಲಿ ಒಡಹುಟ್ಟಿದವರ ಪರೀಕ್ಷೆ ಮಾಡಿಸಿದ್ದರು. ‘ಪೂರ್ಣ ಸಂಬಂಧವೋ ಅರ್ಧ ಸಂಬಂಧವೋ ನಿರ್ಣಯಿಸಲಾಗದು’ ಎಂದು ವರದಿ, ಅಂದರೆ ತಂದೆ ತಾಯಿ ಇಬ್ಬರೂ ಒಂದೇಯೋ, ಒಬ್ಬರು ಮಾತ್ರವೋ ಹೇಳಲಾಗದು ಎಂದು. ನಮ್ಮ ಅಣ್ಣ ನೋಡಲು ನಮ್ಮ ಯಾರ ಹಾಗೂ ಇಲ್ಲ. ಚಿಕ್ಕಂದಿನಲ್ಲಿ ದೊಡ್ಡವರು ‘ಇವನನ್ನು ಎಲ್ಲಿಂದಲೋ ಎತ್ತಿಕೊಂಡು ಬಂದದ್ದು’ ಎಂದು ನಗಾಡುತ್ತಿದ್ದರು. ನಮಗೆ ಅದು ತಮಾಷೆ. ಅವನು ಅದನ್ನು 60 ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ. ಆ ವರದಿ ಬಂದ ಮೇಲೆ ಅಕ್ಕ, ‘ಇದು ನಮ್ಮಿಬ್ಬರಲ್ಲೇ ಇರಲಿ’ ಎಂದಳಂತೆ. ಅವಳು ಹೋದ ಮೇಲೆ ಅದನ್ನು ಅವನೊಬ್ಬನೇ ಹೊತ್ತಿದ್ದ.

ನಿಮ್ಮ ಬರಹ ಈ ಎರಡು ಪರೀಕ್ಷೆಗಳನ್ನೂ ಒಂದೇ ಎಂಬಂತೆ ಹೇಳಿದೆ, ಹಾಗಾಗಿ ವ್ಯತ್ಯಾಸ ಬರೆಯುತ್ತೇನೆ. ಪ್ರಯೋಗಾಲಯಗಳಲ್ಲಿ ಮಾಡುವ ಒಡಹುಟ್ಟಿದವರ ಪರೀಕ್ಷೆ ಸಾಮಾನ್ಯವಾಗಿ ಎರಡು ಡಜನ್ನಿನ ಆಸುಪಾಸಿನ ಗುರುತುಗಳನ್ನಷ್ಟೇ, ಅಂದರೆ ಡಿಎನ್‌ಎಯ ಆಯ್ದ ಜಾಗಗಳನ್ನಷ್ಟೇ, ನೋಡುತ್ತದೆ. ತಂದೆ ಮತ್ತು ಮಗುವಿನ ಪರೀಕ್ಷೆಗೆ ಅಷ್ಟು ಸಾಕು, ಯಾಕೆಂದರೆ ಅಲ್ಲಿ ಪ್ರತಿ ಗುರುತಿನಲ್ಲೂ ಒಂದು ಹೊಂದಲೇಬೇಕು ಎಂಬ ನಿಯಮವಿದೆ. ಅಣ್ಣ ತಂಗಿಯರಿಗೆ ಅಂಥ ನಿಯಮವಿಲ್ಲ. ಒಂದೇ ತಂದೆ ತಾಯಿಯ ಮಕ್ಕಳಾದರೂ ಯಾವುದೋ ಒಂದು ಗುರುತಿನಲ್ಲಿ ಏನೂ ಹೊಂದದಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಕೆಲವೇ ಗುರುತುಗಳಿದ್ದಾಗ ಅದೃಷ್ಟ ಆ ಕಡೆಗೆ ಸ್ವಲ್ಪ ವಾಲಿದರೂ ಲೆಕ್ಕ ಅತ್ತಲೂ ಇಲ್ಲ ಇತ್ತಲೂ ಇಲ್ಲ ಎನ್ನುವಲ್ಲಿ ನಿಲ್ಲುತ್ತದೆ. ತಾಯಿಯ ಮಾದರಿಯೂ ಸಿಕ್ಕರೆ ಫಲಿತಾಂಶ ಗಟ್ಟಿಯಾಗುತ್ತದೆ. ವಂಶ ಹುಡುಕುವವರು ಮಾಡಿಸುವ ಪರೀಕ್ಷೆ ಬೇರೆ, ಅದು ಲಕ್ಷಗಟ್ಟಲೆ ಜಾಗಗಳನ್ನು ಓದುತ್ತದೆ. ‘ನಿರ್ಣಯಿಸಲಾಗದು’ ಎಂದರೆ ‘ಅಲ್ಲ’ ಎಂದಲ್ಲ, ಅಳತೆಗೋಲು ಸಾಲಲಿಲ್ಲ ಎಂದು. ಅದನ್ನು ಆ ದಿನ ಅವರಿಬ್ಬರಿಗೂ ಯಾರೂ ಕೂರಿಸಿಕೊಂಡು ಹೇಳಲಿಲ್ಲ. ಒಂದು ಸಾಲಿನ ವರದಿ ಕೈಗೆ ಕೊಟ್ಟು ಕಳಿಸಿದರು. ನನಗೆ ಇವತ್ತಿಗೂ ಸಿಟ್ಟಿರುವುದು ಆ ವರದಿಯ ಮೇಲಲ್ಲ, ಹಾಗೆ ಕಳಿಸಿದ್ದರ ಮೇಲೆ.

ಆ ಸಂಜೆ ನಾವಿಬ್ಬರೂ ಕೂತು ಮಾತಾಡಿಕೊಂಡೆವು. ಫಲಿತಾಂಶ ಮೊದಲು ಅವನೇ ನೋಡುವುದು. ಅರ್ಧ ಎಂದು ಬಂದರೆ ಮಕ್ಕಳಿಗೆ ಹೇಳುವುದೋ ಬೇಡವೋ ಎಂಬುದು ಅವನ ತೀರ್ಮಾನ. ಬೇಡ ಎನಿಸಿದ ದಿನ ಮಾಹಿತಿ ಅಳಿಸಿಹಾಕುವುದು. ತಂಗಿಗೂ ಫೋನ್ ಮಾಡಿ ಇದನ್ನೇ ಹೇಳಿದೆವು, ಅವಳು ಒಪ್ಪಿದಳು. ಅಣ್ಣನಿಗೆ ಅಂಕಿಗಳನ್ನೂ ಬರೆದು ತೋರಿಸಿದ್ದೆ. ಹೋಲಿಕೆಯನ್ನು ಸೆಂಟಿಮಾರ್ಗನ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಪೂರ್ಣ ಒಡಹುಟ್ಟಿದವರಿಗೆ ಸರಾಸರಿ 2,600ರ ಹತ್ತಿರ, ತಂದೆ ಅಥವಾ ತಾಯಿ ಒಬ್ಬರೇ ಸಮಾನರಾದವರಿಗೆ 1,750ರ ಹತ್ತಿರ.

2023ರಲ್ಲಿ ಫಲಿತಾಂಶ ಬಂತು. ಅಣ್ಣನಿಗೂ ನನಗೂ 2,390. ನನ್ನ ಎದೆ ಧಸಕ್ಕೆಂದಿತು. ಯಾಕೆಂದರೆ ಎರಡೂ ಬಗೆಯ ಸಂಬಂಧಗಳ ಅಂಕಿಗಳು ಅಂಚಿನಲ್ಲಿ ಒಂದರ ಮೇಲೊಂದು ಹಾಯುವ ಜಾಗ ಅದು. ಅವನೂ ಫೋನಿನಲ್ಲಿ ಅದನ್ನೇ ಕೇಳಿದ: ‘ಇದು ಮತ್ತೆ ನಡುವೆ ಬಂತಲ್ಲ?’ ಮರುದಿನ ಲ್ಯಾಪ್‌ಟಾಪ್ ತೆಗೆದುಕೊಂಡು ಹೋದೆ. ಜೆಡ್‌ಮ್ಯಾಚ್ ಎಂಬ ಹೋಲಿಸುವ ತಾಣದಲ್ಲಿ ಇಬ್ಬರ ಕ್ರೋಮೋಸೋಮುಗಳನ್ನು ಪಟ್ಟಿಗಳ ಹಾಗೆ ಬಣ್ಣ ಹಚ್ಚಿ ತೋರಿಸುತ್ತಾರೆ. ಎರಡೂ ಪ್ರತಿ ಹೊಂದಿದರೆ ಹಸಿರು, ಒಂದೇ ಹೊಂದಿದರೆ ಹಳದಿ, ಏನೂ ಇಲ್ಲದಿದ್ದರೆ ಕೆಂಪು. ಹಸಿರು ಬರಬೇಕಾದರೆ ಆ ಜಾಗದಲ್ಲಿ ತಂದೆಯಿಂದಲೂ ಒಂದೇ ಬಂದಿರಬೇಕು, ತಾಯಿಯಿಂದಲೂ ಒಂದೇ ಬಂದಿರಬೇಕು. ಅರ್ಧ ಸಂಬಂಧದವರಲ್ಲಿ ಉದ್ದನೆಯ ಹಸಿರು ಬರುವುದಿಲ್ಲ. ಪೂರ್ಣ ಸಂಬಂಧದವರಲ್ಲಿ ಒಟ್ಟು ಉದ್ದದ ಸುಮಾರು ಕಾಲುಭಾಗ ಹಸಿರಿರುತ್ತದೆ. ಐದನೇ ಕ್ರೋಮೋಸೋಮಿನ ಪಟ್ಟಿ ತೆರೆದಾಗ ಎಡತುದಿಯಿಂದ ಅರ್ಧದವರೆಗೆ ಹುಲ್ಲು ಹಾಸಿದ ಹಾಗೆ ಹಸಿರು. ಅಣ್ಣ ಕನ್ನಡಕ ಹಣೆಗೇರಿಸಿ ಪರದೆಗೆ ಮುಖ ತಂದು ಅದರ ಮೇಲೆ ಬೆರಳಿಟ್ಟ. ‘ಇದು ಇಬ್ಬರದೂ?’ ಎಂದ. ಹೌದು, ಇಬ್ಬರದೂ ಎಂದೆ. ಇಪ್ಪತ್ತೆರಡು ಪಟ್ಟಿಗಳನ್ನೂ ಒಂದೊಂದಾಗಿ ನೋಡಿ ಮುಗಿಸುವವರೆಗೆ ಅವನು ಏನೂ ಮಾತಾಡಲಿಲ್ಲ. ಆ ಹಳೆಯ ಕಾಗದವನ್ನು ಅವತ್ತೇ ಹರಿದ.

ಇನ್ನು ಅಜ್ಜಿ ಸಿಕ್ಕ ಬಗೆ. ಮೂವರದೂ ಒಟ್ಟಿಗೆ ಇದ್ದದ್ದರಿಂದಲೇ ಇದು ಸಾಧ್ಯವಾಯಿತು.

ತಾಯಿಯಿಂದ ಮಾತ್ರ ಮಕ್ಕಳಿಗೆ ಬರುವ, ಜೀವಕೋಶದೊಳಗಿನ ಮೈಟೋಕಾಂಡ್ರಿಯಾ ಎಂಬ ಪುಟ್ಟ ಭಾಗದ ಡಿಎನ್‌ಎ ಬಗ್ಗೆ ನಿಮ್ಮ ಬರಹದಲ್ಲಿ ಇದೆ. ಇಂಗ್ಲೆಂಡಿನ ದೊರೆ 3ನೇ ರಿಚರ್ಡ್ 1485ರಲ್ಲಿ ಯುದ್ಧದಲ್ಲಿ ಸತ್ತವನು. ಅವನ ಅಸ್ಥಿಪಂಜರ 2012ರಲ್ಲಿ ಲೆಸ್ಟರಿನ ಒಂದು ಕಾರು ನಿಲ್ದಾಣದ ಅಡಿಯಲ್ಲಿ ಸಿಕ್ಕಾಗ ಗುರುತು ಹಿಡಿಯಲು ನೆರವಾದದ್ದು ಅವನ ಅಕ್ಕ ಆ್ಯನಳಿಂದ ಹೆಣ್ಣುಮಕ್ಕಳ ಮೂಲಕವೇ ಇಳಿದುಬಂದ ಸಂತತಿಯವರ ಮೈಟೋಕಾಂಡ್ರಿಯಾ. ಅವನ ಸ್ವಂತ ಸಂತತಿ ಉಳಿದಿರಲಿಲ್ಲ, ಅಕ್ಕನ ಸಂತತಿ 500 ವರ್ಷದ ಮೇಲೂ ಇತ್ತು. ಒಡಹುಟ್ಟಿದವರ ಬೆಲೆ ಗೊತ್ತಾಗಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುವುದಿಲ್ಲ. ಆದರೆ ನಮ್ಮ ಅಜ್ಜಿಗೆ ಇದು ಒದಗದು. ಅವರ ಮೈಟೋಕಾಂಡ್ರಿಯಾ ಅಪ್ಪನಿಗೆ ಬಂತು, ಅಪ್ಪನಲ್ಲೇ ನಿಂತಿತು. ಗಂಡು ಅದನ್ನು ಮುಂದಕ್ಕೆ ಕೊಡಲಾರ.

ಅಪ್ಪ ಕೊಟ್ಟದ್ದು ಇನ್ನೊಂದಿದೆ, ಎಕ್ಸ್ ಕ್ರೋಮೋಸೋಮ್. ಗಂಡಸಿಗೆ ಇರುವುದು ಒಂದೇ ಎಕ್ಸ್, ಅದು ಅವನ ತಾಯಿಯಿಂದ ಬಂದದ್ದು. ಮಗಳಿಗೆ ಕೊಡುವಾಗ ಬೆರೆಸಲು ಇನ್ನೊಂದು ಎಕ್ಸ್ ಇಲ್ಲವಾದ್ದರಿಂದ ಅದನ್ನು ಬಹುಮಟ್ಟಿಗೆ ಇದ್ದ ಹಾಗೇ ಕೊಡುತ್ತಾನೆ. ಹೆಸರೂ ಗೊತ್ತಿಲ್ಲದ ಆ ಅಜ್ಜಿ ಮಗನಿಗೆ ಕೊಟ್ಟ ಎಕ್ಸ್ ನನ್ನಲ್ಲಿದೆ, ನನ್ನ ತಂಗಿಯಲ್ಲೂ ಇದೆ, ತುಂಡಾಗದೆ. ಅಕ್ಕನಲ್ಲೂ ಇತ್ತು. ಅಣ್ಣನಿಗೆ ಮಾತ್ರ ಇಲ್ಲ, ಅವನಿಗೆ ಅಪ್ಪ ಕೊಟ್ಟದ್ದು ವೈ. ಇದು ಅರ್ಥವಾದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅಪ್ಪನ ಪೆನ್ನು ನಿಲ್ಲುತ್ತಿದ್ದುದು ಕಣ್ಣಮುಂದೆ ಬರುತ್ತಿತ್ತು.

ಇದರಿಂದ ಒಂದು ಸರಳ ಜರಡಿ ಸಿಗುತ್ತದೆ. ಯಾರಾದರೂ ಅಪ್ಪನ ಕಡೆಯಿಂದ ಬಂದ ಎಕ್ಸ್‌ನಲ್ಲಿ ನನ್ನೊಡನೆ ಹೊಂದಿದರೆ ಅದೇ ಜಾಗದಲ್ಲಿ ತಂಗಿಯೊಡನೆಯೂ ಹೊಂದಲೇಬೇಕು. ಒಬ್ಬಳಿಗೆ ಮಾತ್ರ ಹೊಂದಿದರೆ ಅದು ಅಪ್ಪನ ಕಡೆಯದ್ದಲ್ಲ. ಅಣ್ಣನ ಎಕ್ಸ್‌ಗೂ ಹೊಂದಿದರೆ ಅವರು ಖಂಡಿತ ಅಮ್ಮನ ಕಡೆಗೂ ನಂಟರು, ಯಾಕೆಂದರೆ ಅವನ ಎಕ್ಸ್ ಅಮ್ಮನೊಬ್ಬಳದೇ.

ತಂಗಿಯ ಪಟ್ಟಿಯಲ್ಲಿ ಒಬ್ಬರಿದ್ದರು, 58 ಸೆಂಟಿಮಾರ್ಗನ್. ಅಣ್ಣನ ಪಟ್ಟಿಯಲ್ಲೂ ಅವರೇ, 27. ನನ್ನ ಪಟ್ಟಿಯಲ್ಲಿ ಅವರು ಇಲ್ಲವೇ ಇಲ್ಲ. ನಾನೊಬ್ಬಳೇ ಮಾಡಿಸಿ ಕೂತಿದ್ದರೆ ಸಾಯುವವರೆಗೂ ಅವರು ನನಗೆ ಕಾಣುತ್ತಿರಲಿಲ್ಲ. ಅವರಿಗೆ ಪತ್ರ ಬರೆದು, ಒಪ್ಪಿಗೆ ಪಡೆದು, ಎಕ್ಸ್ ಹೋಲಿಸಿ ನೋಡಿದೆವು. ನನಗೂ ತಂಗಿಗೂ ಒಂದೇ ಜಾಗದಲ್ಲಿ 19 ಸೆಂಟಿಮಾರ್ಗನ್ ಹೊಂದಿತು. ಅಣ್ಣನಿಗೆ ಅಲ್ಲಿ ಏನೂ ಇಲ್ಲ. ಪಟ್ಟಿ ತಯಾರಿಸುವಾಗ ಹೆಚ್ಚಿನ ಕಡೆ ಎಕ್ಸ್ ಅನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಹಾಗಾಗಿ ಅದು ನನ್ನ ಪಟ್ಟಿಯಲ್ಲಿ ಬಂದಿರಲಿಲ್ಲ. ಇಷ್ಟರಿಂದಲೇ ಎಲ್ಲ ಖಾತ್ರಿಯಾಯಿತು ಎನ್ನುತ್ತಿಲ್ಲ. ಅವರ ಮನೆಯಲ್ಲಿ ಹಿರಿಯರೊಬ್ಬರು ಬರೆದಿಟ್ಟಿದ್ದ ನೋಟ್‌ಬುಕ್ ಒಂದಿತ್ತು. ಅದರಲ್ಲಿ ಅವರ ಅಜ್ಜಿಯ ದೊಡ್ಡಮ್ಮನ ಮಗಳೊಬ್ಬಳು ಗಂಡುಮಗುವನ್ನು ಹೆತ್ತು ಬಾಣಂತಿತನದಲ್ಲೇ ತೀರಿಕೊಂಡಳೆಂದೂ ಆಮೇಲೆ ಆ ಮನೆಯ ಸಂಪರ್ಕ ಉಳಿಯಲಿಲ್ಲವೆಂದೂ ಎರಡು ಸಾಲು. ಅಳಿಯನ ಹೆಸರು ನಮ್ಮ ತಾತನದು. ಮಗು ಹುಟ್ಟಿದ ವರ್ಷ ಅಪ್ಪನದು. ಮತ್ತು ಅವಳ ಹೆಸರು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ನಮ್ಮ ಮೂವರ ಮನೆಯಲ್ಲಿ ಮಾತ್ರ ಇರಲಿ ಎಂದುಕೊಂಡಿದ್ದೇವೆ.

ಇನ್ನೆರಡು ಮಾತು. ಸಂಬಂಧದಲ್ಲೇ ಮದುವೆಗಳಾಗುತ್ತ ಬಂದ ಮನೆತನಗಳಲ್ಲಿ ಈ ಅಂಕಿಗಳು ಉಬ್ಬಿರುತ್ತವೆ. ದೂರದವರು ಹತ್ತಿರದವರಂತೆ ಕಾಣುತ್ತಾರೆ. ಅಂಥವರು ಸರಾಸರಿ ಅಂಕಿ ಹಿಡಿದು ತೀರ್ಮಾನಕ್ಕೆ ಬರಬಾರದು. ಇನ್ನೊಂದು, ಒಬ್ಬರು ಮಾಹಿತಿ ಕೊಟ್ಟರೆ ಒಡಹುಟ್ಟಿದವರದೂ ಅರ್ಧ ಕೊಟ್ಟ ಹಾಗೆ. 23ಆ್ಯಂಡ್‌ಮಿ ಎಂಬ, ಇಂಥ ಪರೀಕ್ಷೆ ಮಾಡುವ ಕಂಪನಿಯ ಸುಮಾರು 69 ಲಕ್ಷ ಗ್ರಾಹಕರ ಮಾಹಿತಿ 2023ರಲ್ಲಿ ಸೋರಿತು, 2025ರ ಮಾರ್ಚ್‌ನಲ್ಲಿ ಆ ಕಂಪನಿ ದಿವಾಳಿ ಅರ್ಜಿಯನ್ನೇ ಹಾಕಿತು. ಹಾಗಿರುವಾಗ ನಾನು ಅಣ್ಣನಿಗೆ ಮಾಡಿದ ಹಾಗೆ ಕೇಳದೆ ಕಿಟ್ ಕಳಿಸುವುದು, ಉಡುಗೊರೆ ಎಂದು ಕೊಡುವುದು ಸರಿಯಲ್ಲ. ಕೂತು ಮಾತಾಡಬೇಕು, ಬೇಡ ಎಂದರೆ ಅಲ್ಲಿಗೇ ಬಿಡಬೇಕು.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಆ ಒಂದು ವಾಕ್ಯಕ್ಕೆ ತಿದ್ದುಪಡಿ ಹಾಕಿ, ಮನೆಯಲ್ಲಿ ಎಲ್ಲರಿಗಿಂತ ಹಿರಿಯರಾದ ಒಡಹುಟ್ಟಿದವರನ್ನು ಮೊದಲು ಕೇಳಿ ಎಂಬ ಮಾತನ್ನೂ ಅದರ ಜೊತೆ ಸೇರಿಸಿ. ಅಣ್ಣ ಈಗ ತಾನಾಗಿಯೇ ವೈ ಪರೀಕ್ಷೆಗೂ ಕೊಟ್ಟಿದ್ದಾನೆ, ತಾತನ ತಂದೆಯ ಕಡೆಯನ್ನು ಹುಡುಕಬೇಕಂತೆ. ಅದು ನನ್ನಿಂದಲೂ ಆಗದು, ತಂಗಿಯಿಂದಲೂ ಆಗದು. ಫಲಿತಾಂಶ ಬಂತೇ ಎಂದು ದಿನಾ ಬೆಳಿಗ್ಗೆ ಫೋನ್ ಮಾಡಿ ಕೇಳುತ್ತಾನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಗಣಿತ ಶಿಕ್ಷಕಿ